ಕೊಂಬೆ ಸಾರ್ ಅವರ ಶಿಳ್ಳೆ

ಕೊಂಬೆ ಸಾರ್ ತೀರಿಕೊಂಡ ಸುದ್ದಿ ನಮ್ಮ ಹಳೆಯ ಆಫೀಸಿನ ವಾಟ್ಸಾಪ್ ಗುಂಪಿಗೆ ಬಂದದ್ದು ಬೆಳಗಿನ ಕಾಫಿಯ ಹೊತ್ತಿಗೆ. ಅವರ ಮಗಳು ಅಪ್ಪನ ಫೋನಿನಿಂದಲೇ ಎರಡು ಸಾಲು ಹಾಕಿದ್ದರು. ನಾನು ಓದಿ, ಲೋಟ ಕೆಳಗಿಟ್ಟು, ಏನು ಬರೆಯಬೇಕೆಂದು ತೋಚದೆ 'ಓಂ ಶಾಂತಿ' ಎಂದು ಬರೆದು ಪಕ್ಕದಲ್ಲಿ ಕೈ ಮುಗಿದ ಚಿತ್ರ ಅಂಟಿಸಿದೆ. ಕಳಿಸಿದ ನಂತರ ಮೇಲಕ್ಕೆ ಸರಿಸಿ ನೋಡಿದರೆ ಉಳಿದ ಆರು ಜನವೂ ಅದನ್ನೇ ಬರೆದು, ಅದೇ ಕೈಗಳನ್ನು ಅಂಟಿಸಿದ್ದರು. ಸಾರ್ ಇದ್ದಿದ್ದರೆ ಕನ್ನಡಕವನ್ನು ಹಣೆಗೇರಿಸಿ ನೋಡಿ, "ಏಳ್ರಲ್ಲಿ ಆರನ್ನ ಅಳಿಸಿ ಕಣ್ರಯ್ಯ. ನಷ್ಟ ಸೊನ್ನೆ" ಅನ್ನುತ್ತಿದ್ದರು. ನನಗೆ ಅಳು ಬರುವ ಬದಲು ನಗು ಬಂತು, ಆಮೇಲೆ ಎರಡೂ ಒಟ್ಟಿಗೆ ಬಂದವು.

ನಮ್ಮ ಕಂಪನಿ ಇದ್ದದ್ದು ಬೆಂಗಳೂರಿನ ಕಾರ್ಖಾನೆಗಳ ಪೀಣ್ಯದಲ್ಲಿ, ವಾಷರ್ ತಯಾರಿಸುವ ಒಂದು ವರ್ಕ್‌ಶಾಪಿನ ಮಹಡಿಯ ಮೇಲೆ. ಕೆಳಗೆ ಪ್ರೆಸ್ಸುಗಳು ಧಡ್ ಧಡ್ ಎಂದು ತಗಡು ಕತ್ತರಿಸುತ್ತಿದ್ದವು. ಮೇಲೆ ನಾವು ಭೂಮಿಯ ಮೇಲಿನ ಜೀವರಾಶಿಗಳ ವಂಶವೃಕ್ಷವನ್ನು ಅಳೆಯುತ್ತಿದ್ದೆವು. ವರ್ಕ್‌ಶಾಪಿನ ದೊಡ್ಡ ಯಜಮಾನರ ಮಗ, ಮಹಡಿ ಸುಮ್ಮನೆ ಖಾಲಿ ಬಿದ್ದಿದೆಯಲ್ಲ ಎಂದು ಈ ಸಾಫ್ಟ್‌ವೇರ್ ಕಂಪನಿ ತೆರೆದಿದ್ದರು. ಅವರನ್ನು ನಾವು ಡೈರೆಕ್ಟರ್ ಅನ್ನುತ್ತಿದ್ದೆವು, ಕೆಳಗಿನವರು ಚಿಕ್ಕ ಯಜಮಾನರು ಅನ್ನುತ್ತಿದ್ದರು. ಒಂದೊಂದು ಸಲ ಕೆಳಗಿನ ದೊಡ್ಡ ಪ್ರೆಸ್ ಬಡಿದಾಗ ನಮ್ಮ ಪರದೆಯ ಮೇಲಿನ ವಂಶವೃಕ್ಷವೇ ಗಾಳಿಗೆ ಸಿಕ್ಕ ಹಾಗೆ ಅಲ್ಲಾಡುತ್ತಿತ್ತು.

ಕೆಲಸ ಏನೆಂದು ಮನೆಯಲ್ಲಿ ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಯಾವುದೋ ದೇಶದ ಅರಣ್ಯ ಇಲಾಖೆಯವರು, "ನಮ್ಮಲ್ಲಿ ಇಷ್ಟು ಜಾತಿಯ ಕಪ್ಪೆಗಳು ಸಾಯುತ್ತಿವೆ, ನಮ್ಮ ಕೈಲಿ ಎಲ್ಲವನ್ನೂ ಉಳಿಸಲು ಆಗುವುದಿಲ್ಲ, ಯಾವುವನ್ನು ಉಳಿಸೋಣ?" ಎಂದು ಕೇಳುತ್ತಿದ್ದರು. ನಮ್ಮ ಪ್ರೋಗ್ರಾಂ ಹೇಳುತ್ತಿತ್ತು. ಕೊಂಬೆ ಸಾರ್ ಇದನ್ನು ನನಗೆ ಮೊದಲ ದಿನ ಹೇಳಿಕೊಟ್ಟದ್ದು ಹೀಗೆ: "ನೋಡಮ್ಮ, ಎಲ್ಲಾ ಜೀವಿಗಳೂ ಒಂದೇ ಮರದ ತುದಿಗಳು. ಎರಡು ಥರದ ಕಾಗೆ ಉಳಿಸಿದ್ರೆ ಒಂದೇ ಕೊಂಬೇಲಿ ಎರಡು ಚಿಗುರು ಉಳಿಸಿದಂಗೆ. ಒಂದು ಕಾಗೆ, ಒಂದು ಕಪ್ಪೆ ಉಳಿಸಿದ್ರೆ ಎರಡು ದೊಡ್ಡ ಕೊಂಬೆ ಬುಡದವರೆಗೂ ಉಳೀತವೆ. ತಲೆ ಎಣಿಸ್ಬಾರ್ದು, ಕೊಂಬೆ ಉದ್ದ ಅಳೀಬೇಕು." ಅವರಿಗೆ ಆ ಹೆಸರು ಬಂದದ್ದು ಹೀಗೆ. ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇತ್ತು.

ಅವರಿಗಿಂತ ಮೊದಲು ಇದ್ದ ಪ್ರೋಗ್ರಾಂ, ಯಾವ ಯಾವ ಕಪ್ಪೆಗಳನ್ನು ಜೊತೆ ಮಾಡಿದರೆ ಹೇಗೆ ಎಂದು ಒಂದೊಂದು ಜೋಡಣೆಯನ್ನೂ ಪರೀಕ್ಷಿಸುತ್ತಾ ಕೂರುತ್ತಿತ್ತಂತೆ. ಹಾಗೆ ಮಾಡಿದರೆ ಕಪ್ಪೆಗಳೂ ಹೋಗಿ, ಕೇಳಿದ ಇಲಾಖೆಯೂ ಹೋಗಿ, ನಾವೂ ಹೋದ ಮೇಲೆ ಉತ್ತರ ಬರುತ್ತದೆ. ಸಾರ್ ಅದನ್ನೆಲ್ಲ ಕಿತ್ತು ಹಾಕಿದರು. ಅತಿ ದೂರದ ಎರಡನ್ನು ಮೊದಲು ಹಿಡಿ, ಆಮೇಲೆ ಪ್ರತಿ ಸಲವೂ ಹೆಚ್ಚು ಉದ್ದ ಸೇರಿಸುವ ಒಂದನ್ನು ಮಾತ್ರ ಎತ್ತಿಕೋ, ತುದಿಯಿಂದ ಬುಡಕ್ಕೆ ಒಂದೇ ಸಲ ನಡೆ. "ಅಳೆದ ಕೊಂಬೆ ಮತ್ತೆ ಅಳೀಬಾರ್ದು." ಊಟಕ್ಕೆ ಹೋದವರು ವಾಪಸು ಬರುವಷ್ಟರಲ್ಲಿ ಉತ್ತರ ತಯಾರಿರುತ್ತಿತ್ತು.

ಆ ಮಾತನ್ನು ಅವರು ಪ್ರೋಗ್ರಾಮಿಗೆ ಮಾತ್ರ ಹೇಳಿದ್ದರೆ ಚೆನ್ನಾಗಿತ್ತು. ಅವರು ಬಾಳಿದ್ದೂ ಅದರಂತೆಯೇ. ಹೇಳಿದ್ದನ್ನು ಎರಡನೇ ಸಲ ಹೇಳುತ್ತಿರಲಿಲ್ಲ. "ಸಾರ್, ಇನ್ನೊಂದ್ಸಲ ಹೇಳಿ" ಅಂದರೆ, "ಅಳೆದಾಯ್ತು" ಎಂದು ಕಿಟಕಿಯ ಕಡೆ ತಿರುಗಿಬಿಡುತ್ತಿದ್ದರು. ಹೋಟೆಲಿನ ಸಪ್ಲೈಯರ್ "ಏನಂದ್ರಿ ಸಾರ್?" ಎಂದು ಕೇಳಿದ್ದಕ್ಕೆ ಊಟ ಮಾಡದೆ ಎದ್ದು ಬಂದ ಮನುಷ್ಯ. ಹಾಗಾಗಿ ಅವರು ಬಾಯಿ ತೆರೆದರೆ ಸಾಕು, ನಾವೆಲ್ಲ ಪೆನ್ನು ಹಿಡಿದು ಸಿದ್ಧರಾಗುತ್ತಿದ್ದೆವು.

ನನ್ನ ಸಂದರ್ಶನದಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ. "ಮನೆಗೆ ಬೆಂಕಿ ಬಿದ್ದಿದೆ. ಒಳಗೆ ಒಂದು ಕೋಳಿ, ಒಂದು ಬಾತುಕೋಳಿ, ಒಂದು ಹಲ್ಲಿ. ನಿನ್ನ ಕೈಗೆ ಎರಡೇ ಸಿಗೋದು. ಯಾವ್ದು?"

ನಾನು ಕೋಳಿ, ಬಾತುಕೋಳಿ ಅಂದೆ.

"ಹಲ್ಲಿ ಯಾಕೆ ಬಿಟ್ಟೆ? ಅದ್ರ ಕೊಂಬೆ ಎಷ್ಟುದ್ದ ಇದೆ ಗೊತ್ತಾ?"

"ಹಲ್ಲಿ ತಾನೇ ಗೋಡೆ ಹತ್ಕೊಂಡು ಹೋಗತ್ತಲ್ಲ ಸಾರ್. ಅದನ್ನ ಯಾಕೆ ಎತ್ಕೋಬೇಕು?"

ಅವರು ಕನ್ನಡಕವನ್ನು ಹಣೆಗೇರಿಸಿ ನನ್ನನ್ನೊಮ್ಮೆ ನೋಡಿದರು. ಆಮೇಲೆ ಡೈರೆಕ್ಟರ್ ಕಡೆ ತಿರುಗಿ, "ಇವ್ಳನ್ನ ತಗೊಳ್ಳಿ" ಅಂದರು. ನನಗೆ ಕೆಲಸ ಸಿಕ್ಕಿತು.

ಅವರ ಶಿಳ್ಳೆಯ ವಿಷಯ ಹೇಳಲೇಬೇಕು. ಪ್ರೋಗ್ರಾಂ ಓಡಲು ಶುರುವಾದ ಕೂಡಲೇ ಕೆಳಗಿನ ಹಲ್ಲಿನ ಸಂದಿನಿಂದ ಸಣ್ಣದೊಂದು ಶಿಳ್ಳೆ ಹೊರಡುತ್ತಿತ್ತು. ಅದರಲ್ಲಿ ರಾಗವೂ ಇಲ್ಲ, ತಾಳವೂ ಇಲ್ಲ. ಪ್ರೋಗ್ರಾಂ ಸಲೀಸಾಗಿ ಓಡುತ್ತಿದ್ದರೆ ಶಿಳ್ಳೆ ಒಂದೇ ಸಮ ಇರುತ್ತಿತ್ತು, ಎಲ್ಲಾದರೂ ಸಿಕ್ಕಿಕೊಂಡರೆ ಏರುತ್ತಿತ್ತು, ನಿಂತರೆ ನಿಲ್ಲುತ್ತಿತ್ತು. ಅವರು ಪರದೆಯನ್ನು ನೋಡುತ್ತಲೂ ಇರಲಿಲ್ಲ, ಟೀ ಕುಡಿಯುತ್ತಾ ಊದುತ್ತಿದ್ದರು. ಹೇಗೆ ಗೊತ್ತಾಗುತ್ತಿತ್ತೋ ದೇವರೇ ಬಲ್ಲ. ಕೆಳಗಿನ ಕೆಲಸಗಾರರು ಎರಡು ಸಲ ಮೇಲೆ ಬಂದು ಎಲ್ಲೋ ಗಾಳಿಯ ಪೈಪು ಸೋರುತ್ತಿದೆಯೆಂದು ಹುಡುಕಿ ಹೋಗಿದ್ದರು.

ಆಯುಧಪೂಜೆಯ ದಿನ ಪುರೋಹಿತರು ಕೆಳಗೆ ಪ್ರೆಸ್ಸುಗಳಿಗೆಲ್ಲ ಕುಂಕುಮ ಹಚ್ಚಿ, ಮೇಲೆ ಬಂದು ಕಂಪ್ಯೂಟರುಗಳ ಸಾಲಿಗೆ ಕೈ ಹಾಕಿದರೆ ಸಾರ್ ಅಡ್ಡ ನಿಂತರು. "ಸ್ವಾಮಿ, ಇವೆಲ್ಲ ಒಂದೇ ಕಂಪನಿದು, ಒಂದೇ ಮಾಡಲ್ಲು. ಒಂದಕ್ಕೆ ಹಚ್ಚಿ ಸಾಕು. ಒಂದು ಕುರ್ಚಿಗೆ, ಒಂದು ಫ್ಯಾನಿಗೆ, ಒಂದು ಸ್ಟೇಪ್ಲರ್‌ಗೆ ಹಚ್ಚಿ. ಎಲ್ಲಾ ಕವರ್ ಆಗತ್ತೆ." ಪುರೋಹಿತರು, "ಹಾಗಾದ್ರೆ ಮಂತ್ರಾನೂ ಒಂದೇ ಅಕ್ಷರ ಹೇಳ್ಲಾ?" ಎಂದು ಸಿಟ್ಟು ಮಾಡಿದರು. ಸಾರ್ ನಿಜವಾಗಿಯೂ ಯೋಚನೆಗೆ ಬಿದ್ದದ್ದನ್ನು ಕಂಡು ನಾವು ಅವರನ್ನು ಟೀಗೆ ಎಳೆದುಕೊಂಡು ಹೋದೆವು.

ಬೆರಕೆ ಸೊಪ್ಪಿನ ಪ್ರಕರಣ ಇದಕ್ಕಿಂತ ದೊಡ್ಡದು. ನಾಗಸಂದ್ರ ಮೆಟ್ರೋ ಮೆಟ್ಟಿಲ ಹತ್ತಿರ ಸೊಪ್ಪು ಮಾರುವ ಅಜ್ಜಿಯಿಂದ ಅವರು ಒಂದು ದಿನ ಬೆರಕೆ ಸೊಪ್ಪಿನ ಕಟ್ಟು ತಂದರು. ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ ಹತ್ತಾರು ಸೊಪ್ಪುಗಳನ್ನು ಬೆರೆಸಿ ಮಾಡುವ ಸಾರು ನಮ್ಮ ಕಡೆಯವರಿಗೆ ಪ್ರಾಣ. ಸಾರ್ ಕಟ್ಟು ಬಿಚ್ಚಿ ಮೇಜಿನ ಮೇಲೆ ಹರಡಿ, ಅಣ್ಣೆ, ಹೊನಗೊನೆ, ಕಿರಕೀರೆ ಎಂದು ಬೇರೆ ಬೇರೆ ಮಾಡಿ, "ಮೋಸ! ಇದ್ರಲ್ಲಿ ಮುಕ್ಕಾಲು ಒಂದೇ ಮನೆತನ. ಇದನ್ನ ಬೆರಕೆ ಅಂತಾರಾ?" ಎಂದು ಕೂಗಾಡಿದರು. ಮಧ್ಯಾಹ್ನದೊಳಗೆ ತಮ್ಮದೇ ಬೆರಕೆ ತಯಾರಿಸಿದರು. ಪ್ರೋಗ್ರಾಂ ಹೇಳಿದ ಹಾಗೆ ಅಣ್ಣೆ ಸೊಪ್ಪು ಒಂದೆಳೆ, ಮೋರಿ ಗೋಡೆಯ ಜರಿಗಿಡ, ಸಂಪಿನ ಬದಿಯ ಪಾಚಿ, ಪ್ಯಾಕಿಂಗ್ ಪೆಟ್ಟಿಗೆಯ ಕೊಳೆತ ಹಲಗೆಯ ಮೇಲೆ ಎದ್ದ ಅಣಬೆ. "ಇನ್ನೊಂದು ಸೇರಿಸೋದಾದ್ರೆ ಲೆಕ್ಕದ ಪ್ರಕಾರ ಕೋಳಿ" ಅಂದರು. ಅಣಬೆ ಸೊಪ್ಪಿಗಿಂತ ಕೋಳಿಗೇ ಹತ್ತಿರದ ನೆಂಟ ಎಂದೂ ತಿಳಿಸಿದರು. ಅಣಬೆ ಬಿರಿಯಾನಿಯ ಮೇಲೆ ಬದುಕಿದ್ದ ನಮ್ಮ ಸಸ್ಯಾಹಾರಿ ಶ್ವೇತಾ ಅದನ್ನು ಕೇಳಿ ಮುಖ ಸಪ್ಪಗೆ ಮಾಡಿಕೊಂಡಳು.

ಕೆಳಗಿನವರಿಗೂ ನಮಗೂ ಅಡುಗೆ ಮಾಡುತ್ತಿದ್ದ ಶಾಂತಕ್ಕ ವಿಜಯಪುರದ ಕಡೆಯವಳು. ಆ ತಟ್ಟೆ ನೋಡಿದವಳೇ ಸೌಟು ಕೆಳಗಿಟ್ಟಳು. "ಸರ, ಸಂಪಿನ ಪಾಚಿ ಸಾರಿಗೆ ಹಾಕಂತ ಹೇಳಿದ್ರ ನಾ ಇವತ್ತ ಊರಿಗಿ ಹೋಗ್ತೀನ್ರಿ. ಮಂದಿ ಉಣ್ಣೂದು ಐತಿ, ಎಮ್ಮಿಗೇನ್ ಹಾಕೂದಿಲ್ಲ."

ಸಾರ್ ತಾವೇ ಕುದಿಸಿದರು, ಪುಣ್ಯಕ್ಕೆ ಅಣಬೆಯನ್ನು ಶಾಂತಕ್ಕ ಅಷ್ಟರಲ್ಲಿ ಕಿಟಕಿಯಾಚೆ ಎಸೆದಿದ್ದಳು. ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದರು. ಎರಡು ಲೋಟ ಮಜ್ಜಿಗೆ ಕುಡಿದ ಮೇಲೆ, "ಲೆಕ್ಕ ಸರಿಯಾಗೇ ಇದೆ. ನಾಲಿಗೆ ಸರಿ ಇಲ್ಲ" ಅಂದರು.

ಇಂಥವರ ಜೊತೆ ನಾವು ಸುಖವಾಗಿದ್ದೆವು. ಆಗ ಕೆಳಗಿನ ವರ್ಕ್‌ಶಾಪಿಗೆ ದೊಡ್ಡದೊಂದು ಆರ್ಡರ್ ಬಂತು. ಪ್ಯಾಕಿಂಗಿಗೆ ಜಾಗ ಸಾಲದೆ ದೊಡ್ಡ ಯಜಮಾನರು ಮಹಡಿಯಲ್ಲಿ ಪಾಲು ಕೇಳಿದರು. ಟೇಪು ಹಿಡಿದು ಅಳೆದಾಗ ನಮ್ಮ ಒಂದು ಮೇಜು ಹೋಗಬೇಕೆಂದು ತೀರ್ಮಾನವಾಯಿತು. ಮೇಜು ಹೋದರೆ ಅದರ ಮುಂದೆ ಕೂತವರೂ ಹೋಗಬೇಕೆಂದು ಯಾರು ಯಾವಾಗ ತೀರ್ಮಾನಿಸಿದರೋ ತಿಳಿಯದು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಮಂಜ, "ನಾವು ಬೇಕಾದ್ರೆ ಸರದಿ ಮೇಲೆ ಒಬ್ಬೊಬ್ರು ನಿಂತ್ಕೊಂಡು ಕೆಲ್ಸ ಮಾಡ್ತೀವಿ ಸಾರ್" ಅಂದ. ಡೈರೆಕ್ಟರ್ ಒಪ್ಪಲಿಲ್ಲ. ಅವರಿಗೆ ಅಷ್ಟರಲ್ಲಿ ಒಂದು ಹೊಳಹು ಬಂದಿತ್ತು.

"ಯಾರನ್ನ ಕಳಿಸ್ಬೇಕು ಅಂತ ನಾನ್ಯಾಕೆ ಕೆಟ್ಟೋನಾಗ್ಲಿ? ಕಪ್ಪೆಗೆ ಮಾಡೋದನ್ನ ನಮಗೇ ಮಾಡ್ಕೊಳೋಣ. ನಮ್ಮ ಸಾಫ್ಟ್‌ವೇರೇ ಹೇಳ್ಲಿ. ಫುಲ್ ಆಬ್ಜೆಕ್ಟಿವ್."

ಮರದ ಕ್ರಮ ಹೀಗೆ. ಯಾರು ಯಾರಿಂದ ಕಲಿತರೋ ಅವರು ಅವರಿಂದ ಕವಲೊಡೆದವರು. ಎಲ್ಲರಿಗೂ ಗೊತ್ತಿರುವ ವಿದ್ಯೆ ಎಲ್ಲರೂ ಹಂಚಿಕೊಂಡ ಕೊಂಬೆ. ಒಬ್ಬರಿಗೆ ಮಾತ್ರ ಗೊತ್ತಿರುವುದು ಅವರ ಸ್ವಂತ ಕಡ್ಡಿ. ಯಾರ ಕಡ್ಡಿ ಅತಿ ಗಿಡ್ಡವೋ ಅವರು ಹೋದರೆ ನಷ್ಟ ಕಡಿಮೆ. ನ್ಯಾಯ ಎಲ್ಲರಿಗೂ ಒಂದೇ ಎಂದು ಡೈರೆಕ್ಟರ್ ತಮ್ಮನ್ನೂ ಮರದಲ್ಲಿ ಸೇರಿಸಿಕೊಂಡರು. ಮುಂದಿನ ಶುಕ್ರವಾರ ಅಳತೆ ಎಂದು ಸಾರಿದರು.

ಗಿಡ್ಡ ಕಡ್ಡಿ ನನ್ನದೆಂದು ಎಲ್ಲರಿಗೂ ಗೊತ್ತಿತ್ತು. ಕೊನೆಗೆ ಸೇರಿದವಳು ನಾನು. ನನಗೆ ಬರುತ್ತಿದ್ದುದೆಲ್ಲ ಕೊಂಬೆ ಸಾರ್ ಹೇಳಿಕೊಟ್ಟದ್ದು, ಅವರು ಎರಡನೇ ಸಲ ಹೇಳದಿದ್ದಾಗ ಮಂಜ ಹೇಳಿಕೊಟ್ಟದ್ದು. ಅಪ್ಪ ಬೆನ್ನುನೋವಿಗೆ ಲೇತ್ ಕೆಲಸ ಬಿಟ್ಟು ಮನೆಯಲ್ಲಿದ್ದರು, ತಮ್ಮ ಇನ್ನೂ ಓದುತ್ತಿದ್ದ. ರಾಜಗೋಪಾಲನಗರದ ನಮ್ಮ ಎರಡು ಕೋಣೆಯ ಮನೆಗೆ ಸಂಬಳ ತರುತ್ತಿದ್ದವಳು ನಾನೊಬ್ಬಳೇ. ಆ ವಾರ ನನಗೆ ಊಟ ಸೇರಲಿಲ್ಲ.

ಆದರೆ ಆ ವಾರ ಮಹಡಿಯ ಮೇಲೆ ನಡೆದದ್ದನ್ನು ನೆನೆದರೆ ಈಗಲೂ ನಕ್ಕು ನಕ್ಕು ಸಾಕಾಗುತ್ತದೆ. ಕೋಟಿಗಟ್ಟಲೆ ವರ್ಷ ಹಿಡಿಯುವ ವಿಕಾಸವನ್ನು ಎಲ್ಲರೂ ಶುಕ್ರವಾರದೊಳಗೆ ಮುಗಿಸಲು ಹೊರಟರು. ಮಂಜ ಫೋನಿನಲ್ಲಿ ಜಪಾನಿ ಕಲಿಯುತ್ತಾ ನೀರಿನ ಫಿಲ್ಟರಿಗೂ ಬಾಗಿ ನಮಸ್ಕರಿಸತೊಡಗಿದ. ಶ್ವೇತಾ ಏಳನೇ ಕ್ಲಾಸಿನಲ್ಲಿ ಬಿಟ್ಟ ಭರತನಾಟ್ಯವನ್ನು ಪ್ರಿಂಟರಿನ ಮುಂದೆ ಮತ್ತೆ ಶುರು ಮಾಡಿದಳು. ಒಬ್ಬರು ಜೇನು ಸಾಕಲು ಬರುತ್ತದೆ ಎಂದು ಹೇಳಿ, ಸಾಕ್ಷಿಗೆ ಪೆಟ್ಟಿಗೆಯನ್ನೇ ತಂದರು. ಅರ್ಧ ದಿನ ನಾವೆಲ್ಲ ಕೆಳಗೆ ವಾಷರುಗಳ ಮಧ್ಯೆ ಕೂರಬೇಕಾಯಿತು. ನಾನು ಅಪ್ಪನಿಂದ ಕಲಿತ ಲೇತ್ ಕೆಲಸವನ್ನು ಬರೆಸಿದೆ. ಡೈರೆಕ್ಟರ್ ತಲೆಯಾಡಿಸಿದರು. "ಇನ್ನೂ ಇಬ್ರಿಗೆ ಲೇತ್ ಬರತ್ತಮ್ಮ. ಇದು ಪೀಣ್ಯ. ಶೇರ್ಡ್ ಬ್ರಾಂಚ್."

ಕೊಂಬೆ ಸಾರ್ ಇದನ್ನೆಲ್ಲ ಟೀ ಹೀರುತ್ತಾ ನೋಡುತ್ತಿದ್ದರು. "ಇಷ್ಟು ಬೇಗ ಬೆಳೆಯೋ ಮರ ನಾನು ನೋಡೇ ಇಲ್ಲ ಕಣ್ರಯ್ಯ" ಅಂದರು.

ಶುಕ್ರವಾರ ಗೋಡೆಯ ಮೇಲೆ ಮರ ಮೂಡಿತು. ಬುಡದ ಹತ್ತಿರದ ಕವಲಿನಲ್ಲಿ ಕೊಂಬೆ ಸಾರ್, ಅಲ್ಲಿಂದ ಮೇಲಕ್ಕೆ ನಾವೆಲ್ಲ. ಕವಲಿನಿಂದ ಪಕ್ಕಕ್ಕೆ ಅವರ ಸ್ವಂತ ಕಡ್ಡಿಯೊಂದು ಹೊರಟಿತ್ತು. ಅವರಿಗೆ ಮಾತ್ರ ಬರುವ ಮೂರು ವಿದ್ಯೆಗಳು ಅದರಲ್ಲಿದ್ದವು. ಗಿರಾಕಿಗಳು ಕಳಿಸುವ ಮುರುಕು ವಂಶವೃಕ್ಷಗಳನ್ನು ಸರಿಪಡಿಸುವುದು, ಒಂದೇ ನಡಿಗೆಯಲ್ಲಿ ಮರ ಅಳೆಯುವುದರ ಒಳಗುಟ್ಟು, ಮತ್ತೆ ಆ ಶಿಳ್ಳೆ. ಶಿಳ್ಳೆಯನ್ನು ಡೈರೆಕ್ಟರ್ ಬಹಳ ಶ್ರದ್ಧೆಯಿಂದ 'ಮಾನಿಟರಿಂಗ್' ಎಂದು ಸೇರಿಸಿದ್ದರು. ನನ್ನ ಕಡ್ಡಿ ಕಣ್ಣಿಗೆ ಕಾಣುವ ಹಾಗಿರಲಿಲ್ಲ, ಉಗುರಿನಷ್ಟಿತ್ತು. ಡೈರೆಕ್ಟರ್ ಗಂಟಲು ಸರಿಪಡಿಸಿಕೊಂಡು ನನ್ನ ಕಡೆ ತಿರುಗಿದರು.

ಸಾರ್ ಎದ್ದರು. "ಮೀಟಿಂಗ್ ಎಷ್ಟೊತ್ತಿನ ತನಕ ಸಾರ್?"

"ಟೀ ಬರೋ ತನಕ."

"ಹಾಗಾದ್ರೆ ಟೈಮಿದೆ" ಎಂದು ಬೋರ್ಡಿನ ಹತ್ತಿರ ಹೋಗಿ ಮುರುಕು ಮರ ರಿಪೇರಿ ಮಾಡುವುದನ್ನು ಹೇಳಿಕೊಡತೊಡಗಿದರು. ಅವರು ಬಾಯಿ ತೆರೆದ ಕೂಡಲೇ ನಾವು ಅಭ್ಯಾಸಬಲದಿಂದ ಬರೆದುಕೊಂಡೆವು. ಮುಗಿದ ಮೇಲೆ ಡೈರೆಕ್ಟರ್ ಲೆಕ್ಕ ತಿದ್ದಿದರು. ಗೋಡೆಯ ಮೇಲೆ ಸಾರ್ ಅವರ ಕಡ್ಡಿ ಸರ್ರನೆ ಗಿಡ್ಡವಾಯಿತು. ಆಗ ಶ್ವೇತಾ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು. ತಮ್ಮ ಕಡ್ಡಿಯನ್ನು ನನ್ನದಕ್ಕಿಂತ ಗಿಡ್ಡ ಮಾಡಲು ಹೊರಟಿದ್ದಾರೆಂದು ನಮಗೆಲ್ಲ ಅರ್ಥವಾಯಿತು.

ಎರಡನೆಯದನ್ನು ಹೇಳಿಕೊಟ್ಟು, "ತಿಳೀತಾ?" ಅಂದರು.

"ಇಲ್ಲ ಸಾರ್" ಅಂದ ಮಂಜ. "ಏನೂ ತಿಳೀಲಿಲ್ಲ."

"ನಂಗೂ ಇಲ್ಲ ಸಾರ್" ಅಂದಳು ಶ್ವೇತಾ. ಏಳು ಜನ ದಡ್ಡರ ಹಾಗೆ ಬಾಯಿ ಬಿಟ್ಟು ಕೂತೆವು.

ಅವರು ಕಿಟಕಿಯ ಕಡೆ ತಿರುಗುತ್ತಾರೆ ಎಂದುಕೊಂಡೆ. ತಿರುಗಲಿಲ್ಲ. ಬೋರ್ಡು ಒರೆಸಿ ಮತ್ತೆ ಮೊದಲಿನಿಂದ ಹೇಳಿದರು. ನಾವು ಮತ್ತೆ ಇಲ್ಲವೆಂದು ತಲೆಯಾಡಿಸಿದೆವು. ಮೂರನೇ ಸಲ ಹೇಳಿದರು. ಹೇಳಿದ್ದನ್ನು ಒಮ್ಮೆಯೂ ತಿರುಗಿ ಹೇಳದ ಮನುಷ್ಯ ನಮ್ಮೆದುರು ನಿಂತು, ಬೆವರು ಒರೆಸಿಕೊಳ್ಳುತ್ತಾ, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಹೇಳುತ್ತಿದ್ದರು.

"ನಂಗೆ ತಿಳೀತು!" ಎಂದು ಡೈರೆಕ್ಟರ್ ಕೂಗಿದರು. ಆ ಕೋಣೆಯಲ್ಲಿ ನಿಜವಾಗಿ ಪಾಠ ಕೇಳುತ್ತಿದ್ದವರು ಅವರೊಬ್ಬರೇ. ಕಡ್ಡಿ ಇನ್ನೂ ಗಿಡ್ಡವಾಯಿತು.

ಉಳಿದದ್ದು ಶಿಳ್ಳೆ. ನಾನು ಎದ್ದು ನಿಂತೆ. "ಸಾರ್, ಬೇಡ. ನಾನೇ ಹೋಗ್ತೀನಿ. ದಯವಿಟ್ಟು ಬೇಡ."

"ಕೂತ್ಕೊಳಮ್ಮ" ಅಂದರು, ನನ್ನ ಕಡೆ ನೋಡದೆ. "ಹಲ್ಲಿ ತಾನೇ ಗೋಡೆ ಹತ್ಕೊಂಡು ಹೋಗತ್ತೆ."

ನಾನು ಕೂತೆ.

"ನಾಲಿಗೆ ಕೆಳಗಿನ ಹಲ್ಲಿಗೆ ತಾಗಿಸಿ. ತುಟಿ ಸ್ವಲ್ಪ ಸಡಿಲ ಬಿಡಿ. ಊದಬೇಡಿ, ಉಸಿರು ಬಿಡಿ." ನಾವು ಏಳು ಜನ ತುಟಿ ಕಚ್ಚಿಕೊಂಡು ಕೂತೆವು, ಮಂಜ ಕೈಯಿಂದಲೇ ಬಾಯಿ ಮುಚ್ಚಿಕೊಂಡಿದ್ದ. ಡೈರೆಕ್ಟರ್ ಮಾತ್ರ ಕೆನ್ನೆ ಉಬ್ಬಿಸಿ, ಕಣ್ಣು ಮುಚ್ಚಿ ಪ್ರಯತ್ನಿಸುತ್ತಿದ್ದರು. ಫುಸ್ ಎಂದು ಗಾಳಿ ಹೋಯಿತು. ಮತ್ತೊಂದು ಸಲವೂ ಹೋಯಿತು. ಆಮೇಲೆ ಇದ್ದಕ್ಕಿದ್ದ ಹಾಗೆ ಅವರ ಬಾಯಿಂದ ಇಡೀ ಕಟ್ಟಡಕ್ಕೆ ಕೇಳುವಂಥ ಚೊಕ್ಕ ಶಿಳ್ಳೆಯೊಂದು ಹೊರಟಿತು. ಕೆಳಗಿನವರು ಏನೋ ಅಪಾಯದ ಸೂಚನೆಯೆಂದು ಪ್ರೆಸ್ಸುಗಳನ್ನು ಒಂದೊಂದಾಗಿ ನಿಲ್ಲಿಸಿಬಿಟ್ಟರು. ಧಡ್ ಧಡ್ ನಿಂತುಹೋಯಿತು. ಆ ಕಟ್ಟಡ ಅಷ್ಟು ಸುಮ್ಮನಿದ್ದುದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಗೋಡೆಯ ಮೇಲೆ ಸಾರ್ ಅವರ ಕಡ್ಡಿ ಮಾಯವಾಗಿ, ಅಲ್ಲಿ ಬರಿಯ ಕವಲು ಉಳಿಯಿತು.

"ಸೊನ್ನೆ" ಎಂದು ಡೈರೆಕ್ಟರ್ ಓದಿದರು. ಶಿಳ್ಳೆ ಬಂದ ಸಂತೋಷ ಇನ್ನೂ ಅವರ ಮುಖದ ಮೇಲಿತ್ತು, ಓದಿದ ಮೇಲೆ ನಿಧಾನವಾಗಿ ಇಳಿಯಿತು. ಅಷ್ಟರಲ್ಲಿ ಶಾಂತಕ್ಕ ಟೀ ತಂದಳು. "ಯಾಕ್ರೀ, ಎಲ್ಲಾರೂ ಹಿಂಗ್ಯಾಕ ಕುಂತೀರಿ? ಯಾರರ ಹೋದ್ರೇನು?" ಎಂದು ಕೇಳಿದಳು. ಸಾರ್ ಒಬ್ಬರೇ ನಕ್ಕು ಲೋಟ ತೆಗೆದುಕೊಂಡರು.

ತಮ್ಮ ಮೇಜನ್ನು ಹೊರಗೆ ಸಾಗಿಸಲು ಸಾರ್ ಅವರೂ ಒಂದು ಕಡೆ ಕೈ ಹಿಡಿದರು. ಕೆಳಗಿನವರ ದೊಡ್ಡ ಆರ್ಡರ್ ಮಳೆಗಾಲ ಬರುವಷ್ಟರಲ್ಲಿ ರದ್ದಾಯಿತು. ಮಹಡಿಯ ಆ ಮೂಲೆ ಖಾಲಿಯೇ ಉಳಿಯಿತು. ಡೈರೆಕ್ಟರ್ ಫೋನ್ ಮಾಡಿ ವಾಪಸು ಕರೆದರಂತೆ. "ಅಳೆದ ಕೊಂಬೆ ಮತ್ತೆ ಅಳೀಬಾರ್ದು ಸಾರ್" ಎಂದು ಕೊಂಬೆ ಸಾರ್ ಫೋನ್ ಇಟ್ಟರಂತೆ. ನಾನು ನಾಗಸಂದ್ರದ ಅವರ ಮನೆಗೆ ಆಗಾಗ ಹೋಗುತ್ತಿದ್ದೆ. ನನ್ನ ತಮ್ಮನ ಓದು ಮುಗಿಯಿತೇ, ಅಪ್ಪನ ಬೆನ್ನು ಹೇಗಿದೆ ಎಂದು ವಿಚಾರಿಸುತ್ತಿದ್ದರು. ಒಂದು ಸಲ, ನೀವು ಅವತ್ತು ಮಾಡಿದ್ದು ಮೋಸದ ಲೆಕ್ಕ ಅಂದೆ. "ಲೆಕ್ಕದಲ್ಲಿ ಎಲ್ಲಿ ತಪ್ಪಿದೆ ತೋರ್ಸು" ಎಂದರು.

ಇವತ್ತು ಆ ಏಳು 'ಓಂ ಶಾಂತಿ'ಗಳನ್ನು ನೋಡುತ್ತಾ ಕೂತಿದ್ದಾಗ ಗುಂಪಿಗೆ ಮಂಜನ ಧ್ವನಿ ಸಂದೇಶವೊಂದು ಬಂತು. ಒತ್ತಿದೆ. ಮಾತಿರಲಿಲ್ಲ, ಫುಸ್ ಎಂದು ಗಾಳಿ ಹೋಗುವ ಸದ್ದು, ಕೊನೆಯಲ್ಲೊಂದು ಸಣ್ಣ ಕೀರಲು. ಮಂಜ ಶಿಳ್ಳೆ ಹಾಕಲು ನೋಡುತ್ತಿದ್ದ. ಸ್ವಲ್ಪ ಹೊತ್ತಿಗೆ ಶ್ವೇತಾಳದ್ದು ಬಂತು, ಶಿಳ್ಳೆಗಿಂತ ಹಿಂದಿನ ಕುಕ್ಕರಿನ ಕೂಗೇ ಜೋರಾಗಿತ್ತು. ಜೇನು ಸಾಕುವವರು ಅರ್ಧಕ್ಕೇ ಕೆಮ್ಮಿದ್ದರು. ಒಬ್ಬರದು ತೀರಾ ಮೇಲೆ, ಇನ್ನೊಬ್ಬರದು ಅಳುವಿನ ಹಾಗೆ, ಮತ್ತೊಬ್ಬರದರಲ್ಲಿ ಬಸ್ಸಿನ ಸದ್ದು. ಅವತ್ತು ಕಲಿಯುವುದಿಲ್ಲವೆಂದು ಹಟ ಹಿಡಿದು ಕೂತ ವಿದ್ಯೆ ಯಾರಿಗೂ ಸರಿಯಾಗಿ ಬರುತ್ತಿರಲಿಲ್ಲ. ನಾನು ನಾಲಿಗೆಯನ್ನು ಕೆಳಗಿನ ಹಲ್ಲಿಗೆ ತಾಗಿಸಿ, ತುಟಿ ಸಡಿಲ ಬಿಟ್ಟು, ಬಂದಷ್ಟನ್ನು ಕಳಿಸಿದೆ. ಆಮೇಲೆ ಎಲ್ಲವನ್ನೂ ಮೊದಲಿನಿಂದ ಮತ್ತೊಮ್ಮೆ ಕೇಳಿದೆ. ಏಳರಲ್ಲಿ ಒಂದನ್ನೂ ಅಳಿಸುವ ಹಾಗಿರಲಿಲ್ಲ.